ಮರಿಯಿಲ್ಲದ ಬಳಚು

ಮೂರು ವರ್ಷಕ್ಕೆ ಮುಗಿಯುವ ಬಿಎಸ್ಸಿಗೆ ನಾನು ನಾಲ್ಕನೇ ವರ್ಷವೂ ಬ್ಯಾಗು ಹಾಕಿಕೊಂಡು ಹೊರಟಾಗ ನಮ್ಮ ಕೇರಿಯವರಿಗೆಲ್ಲ ಒಂದೇ ಅನುಮಾನ. ಹುಡುಗಿ ಫೇಲಾಗಿದ್ದಾಳೆ, ಮನೆಯವರು ಮುಚ್ಚಿಡುತ್ತಿದ್ದಾರೆ. ಇದು ಆನರ್ಸ್, ಬೇಕಾದವರು ಇನ್ನೊಂದು ವರ್ಷ ಓದಿ ಒಂದು ಸಂಶೋಧನಾ ಪ್ರಬಂಧ ಬರೆಯುವುದು ಎಂದು ನಾನು ಬಿಡಿಸಿ ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಗುತ್ತಿತ್ತು. ನಿಜವಾಗಿ ಪಾಸಾದವರು ಇಷ್ಟುದ್ದ ಹೇಳುವುದಿಲ್ಲ ಎಂದು ಪಕ್ಕದ ಮನೆಯ ದೊಡ್ಡಮ್ಮ ನನ್ನ ಆಯಿಯ ಹತ್ತಿರ ಹೇಳಿದಳಂತೆ. ಆಯಿ ಎಂದರೆ ಅಮ್ಮ. ನಾವು ಕರೆಯುವುದು ಹಾಗೆ.

ಅವರನ್ನು ದೂರಿ ಪ್ರಯೋಜನವಿಲ್ಲ. ಅನುಮಾನದ ಬುದ್ಧಿ ನನಗೂ ಹುಟ್ಟಿನಿಂದಲೇ ಬಂದದ್ದು. ಅಪ್ಪ ಬೋಟಿನಿಂದ ಬಂದು ಇವತ್ತು ಮೀನು ಬೀಳಲಿಲ್ಲ ಎಂದರೆ ಅವನ ಚೀಲ ಮುಟ್ಟಿ ನೋಡುವ ಮಗು ನಾನಾಗಿದ್ದೆ. ಅಂಗಡಿಯಲ್ಲಿ ಪೆನ್ನು ಕೊಂಡರೆ ಈಗಲೂ ಅಲ್ಲೇ ಗೀಚಿ ನೋಡುತ್ತೇನೆ. ಯಾರಾದರೂ ಹೊಗಳಿದರೆ ಇವರಿಗೆ ನನ್ನಿಂದ ಏನೋ ಕೆಲಸ ಆಗಬೇಕಿದೆ ಎಂದುಕೊಳ್ಳುತ್ತೇನೆ. ಈ ಬುದ್ಧಿ ವಿಜ್ಞಾನಕ್ಕೆ ಒಳ್ಳೆಯದು ಎಂದು ನನ್ನ ಗೈಡ್ ಆಗಿದ್ದ ಮೇಡಂ ಒಮ್ಮೆ ಹೇಳಿದ್ದರು. ಅವರು ಹಾಗೆ ಹೇಳಿದ್ದು ಯಾಕೆ ಎಂದು ಎರಡು ದಿನ ಯೋಚಿಸಿದ್ದೆ.

ನಮ್ಮ ಮನೆ ಹೊನ್ನಾವರದ ಹತ್ತಿರ ಕರ್ಕಿಯಲ್ಲಿ, ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಬದಿಗೆ. ಅಪ್ಪ ಬೇರೆಯವರ ಬೋಟಿಗೆ ಹೋಗುತ್ತಾನೆ. ಆಯಿ ಮೀನು ಮಾರುತ್ತಾಳೆ. ಮಳೆಗಾಲ ಕಳೆದು ಹೊಳೆಯ ನೀರು ಮತ್ತೆ ಉಪ್ಪಾದ ಮೇಲೆ ಬಳಚು ಎಂಬ ಚಿಪ್ಪುಮೀನು ತೆಗೆಯುತ್ತಾಳೆ. ನೀರು ಇಳಿದಾಗ ಸೊಂಟದವರೆಗೆ ಹೊಳೆಯಲ್ಲಿ ನಿಂತು, ಬಗ್ಗಿ, ಕೆಸರಿನಲ್ಲಿ ಹೂತಿರುವ ಚಿಪ್ಪುಗಳನ್ನು ಬರಿಗೈಯಲ್ಲಿ ತಡಕಿ ತೆಗೆಯುವ ಕೆಲಸ ಅದು. ನಮ್ಮ ಮನೆಯಲ್ಲಿ ವರ್ಷದ ಅರ್ಧ ನಡೆಯುವುದು ಅದರ ಮೇಲೆಯೇ. ನನ್ನನ್ನು ಮಾತ್ರ ಆಯಿ ಎಂದೂ ಹೊಳೆಗೆ ಇಳಿಸಿದವಳಲ್ಲ. ಓದುವ ಹುಡುಗಿ ಚಿಪ್ಪಿನಲ್ಲಿ ಕಾಲು ಕೊಯ್ದುಕೊಳ್ಳುವುದು ಯಾಕೆ ಎನ್ನುವುದು ಅವಳ ಲೆಕ್ಕ. ಹಾಗಾಗಿ ನಾನು ಬಳಚು ತಿಂದು ಬೆಳೆದವಳೇ ಹೊರತು ತೆಗೆದು ಬೆಳೆದವಳಲ್ಲ.

ಕುಮಟಾದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಆನರ್ಸಿಗೆ ಉಳಿದವರು ಬೆರಳೆಣಿಕೆಯಷ್ಟು ಜನ. ನನ್ನ ಪ್ರಬಂಧಕ್ಕೆ ಬಳಚೇ ವಿಷಯವಾಯಿತು. ಕುಮಟಾ ಬದಿಯ ಅಘನಾಶಿನಿ, ನಮ್ಮ ಕರ್ಕಿಯ ಹೊಳೆ, ಭಟ್ಕಳದ ಹತ್ತಿರ ಹೆಬಳೆ ಬದಿಯ ಹೊಳೆ, ಈ ಮೂರು ಕಡೆ ಬಳಚು ಹೇಗೆ ಬೆಳೆಯುತ್ತದೆ, ಯಾವ ತಿಂಗಳು ಮರಿ ಎಷ್ಟು, ದೊಡ್ಡದು ಎಷ್ಟು ಎಂದು ನೋಡಬೇಕು. ಮೇಡಂ ಹಾಕಿಕೊಟ್ಟ ಕಟ್ಟಳೆ ಸುಲಭದ್ದಾಗಿತ್ತು. ಪ್ರತಿ ಅಮಾವಾಸ್ಯೆಯ ಸಂಜೆ ನೀರು ಪೂರ್ತಿ ಇಳಿದಾಗ, ಮೂರೂ ಕಡೆ ಒಂದೇ ದಿನ, ಒಂದು ಮೊಳ ಉದ್ದಗಲದ ಚೌಕಟ್ಟನ್ನು ಕೆಸರಿನ ಮೇಲೆ ಇಟ್ಟು, ಅದರೊಳಗೆ ಸಿಕ್ಕ ಬಳಚನ್ನೆಲ್ಲ ಒಂದೂ ಬಿಡದೆ ತೆಗೆದು ಚೀಲಕ್ಕೆ ಹಾಕಬೇಕು. ಅಪ್ಪ ನಲ್ಲಿ ಪೈಪು ಕತ್ತರಿಸಿ, ಅಂಟಿಸಿ, ಮೂರು ಚೌಕಟ್ಟು ಮಾಡಿಕೊಟ್ಟ.

ತೊಂದರೆ ಎಂದರೆ ಮೂರೂ ಕಡೆ ನೀರು ಇಳಿಯುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ನಾನಿರುವುದು ಒಬ್ಬಳು. ಅಘನಾಶಿನಿಯದು ನಾನೇ ತೆಗೆಯುವುದು, ಹೆಬಳೆಯದು ಅಲ್ಲಿಗೆ ಮದುವೆಯಾಗಿ ಹೋದ ಚಿಕ್ಕಮ್ಮ, ಕರ್ಕಿಯದು ಆಯಿ ಎಂದು ಆಯಿತು. ಮೇಡಂ ಒಪ್ಪಿದರು. ಚಿಕ್ಕಮ್ಮನ ಮನೆಯವರು ಸಾಗುವಳಿಯವರು, ಅವಳು ಹೊಲಿಗೆ ಮಾಡುತ್ತಾಳೆ, ಬಳಚು ತೆಗೆದು ಗೊತ್ತಿಲ್ಲ. ಅವಳಿಗೆ ಒಂದು ಗಂಟೆ ಫೋನಿನಲ್ಲಿ ವಿವರಿಸಿದೆ. ಆಯಿಗೂ ಹೇಳಹೋದೆ. ಸಿಕ್ಕದ್ದನ್ನೆಲ್ಲ ಹಾಕಬೇಕು, ಒಂದನ್ನೂ ಬಿಡಬಾರದು ಎಂದೆ. ಆಯಿ ನಕ್ಕಳು.

"ಆತು, ಆತು. ನೀ ಎಂತ ನಂಗೆ ಬಳಚು ತೆಗೂಕೆ ಕಲಿಸ್ತೆ?"

ಅಕ್ಟೋಬರಿನಿಂದ ಚೀಲಗಳು ಬರತೊಡಗಿದವು. ಹೆಬಳೆಯದು ಐಸ್ ಹಾಕಿದ ಥರ್ಮಾಕೋಲ್ ಡಬ್ಬಿಯಲ್ಲಿ ಭಟ್ಕಳದಿಂದ ಬಸ್ಸು ಹತ್ತಿ ಬರುತ್ತಿತ್ತು. ಚಿಕ್ಕಮ್ಮ ಎಷ್ಟು ನಿಷ್ಠೆಯಿಂದ ಅಗೆಯುತ್ತಿದ್ದಳೆಂದರೆ ಬಳಚಿನ ಜೊತೆ ಕಲ್ಲು, ಸತ್ತ ಏಡಿ, ಒಮ್ಮೆ ಯಾರದೋ ಒಡೆದ ಬಳೆಯೂ ಇತ್ತು. ಎರಡು ದಿನ ಲ್ಯಾಬಿನಲ್ಲಿ ಕೂತು ಒಂದೊಂದೇ ಚಿಪ್ಪನ್ನು ಕ್ಯಾಲಿಪರ್ ಹಿಡಿದು ಅಳೆದು ಬರೆದುಕೊಳ್ಳುತ್ತಿದ್ದೆ. ಅಘನಾಶಿನಿಯ ಚೀಲದಲ್ಲಿ ಕಿರುಬೆರಳ ಉಗುರಿನಷ್ಟು ಮರಿಗಳಿಂದ ಹಿಡಿದು ಅಂಗೈ ತುಂಬುವವರೆಗೆ ಎಲ್ಲ ಅಳತೆಯವೂ ಇದ್ದವು. ಹೆಬಳೆಯದೂ ಹಾಗೆಯೇ. ಕರ್ಕಿಯ ಚೀಲ ಬಿಚ್ಚಿದರೆ ಮಾತ್ರ ಕಣ್ಣು ತಣಿಯುವಂಥ ಬಳಚು, ಎಲ್ಲವೂ ದಪ್ಪ, ಎಲ್ಲವೂ ಒಂದೇ ಸಮ, ತೊಳೆದು ಇಟ್ಟ ಹಾಗೆ. ಮರಿ ಒಂದೂ ಇಲ್ಲ.

ಮೊದಲ ತಿಂಗಳು ಹೆಮ್ಮೆಪಟ್ಟೆ. ನಮ್ಮ ಹೊಳೆಯ ಬಳಚೆಂದರೆ ಸುಮ್ಮನೆಯೇ ಎಂದು ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿದೆ. ಎರಡನೇ ತಿಂಗಳೂ ಹಾಗೆಯೇ ಬಂತು. ಮೂರನೇ ತಿಂಗಳು ಮೇಡಂ ಗ್ರಾಫನ್ನು ಬಹಳ ಹೊತ್ತು ನೋಡಿ, ಇಲ್ಲಿ ಮಕ್ಕಳೇ ಹುಟ್ಟುತ್ತಿಲ್ಲ, ಮುದುಕರು ಮಾತ್ರ ಉಳಿದ ಊರಿನ ಹಾಗಿದೆ ಎಂದರು. ಮರಿಯಿಲ್ಲದ ಹೊಳೆಯಲ್ಲಿ ದೊಡ್ಡವು ತೀರಿದ ಮೇಲೆ ಏನೂ ಇರುವುದಿಲ್ಲ. ಎರಡು ಮೂರು ವರ್ಷದಲ್ಲಿ ಕರ್ಕಿಯ ಬಳಚು ಮುಗಿಯಬಹುದು ಎಂದು ಅವರು ಹೇಳಿದಾಗ ನನಗೆ ಎರಡು ಥರ ಆಯಿತು. ಒಂದು, ಹಾಗಾದರೆ ಆಯಿ ಏನು ಮಾಡುತ್ತಾಳೆ ಎಂಬ ಹೆದರಿಕೆ. ಇನ್ನೊಂದು, ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿ. ಯಾರೂ ಕಾಣದ್ದನ್ನು ನಾನು ಕಂಡುಹಿಡಿದಿದ್ದೆ.

ಮೇಡಮಿಗೂ ಉಮೇದು ಬಂದಿತ್ತು. ಅವರು ಘಟ್ಟದ ಮೇಲಿನವರು, ಕೆಲಸದ ವಿಷಯದಲ್ಲಿ ಬಹಳ ಖಡಕ್ಕು. ಒಂದು ವಿಚಾರಗೋಷ್ಠಿಗೆ ಇದರ ಸಾರಾಂಶ ಕಳಿಸಿದರು. ಪರಿಚಯದ ಮೀನುಗಾರಿಕೆ ಅಧಿಕಾರಿಯೊಬ್ಬರಿಗೂ ಹೇಳಿದರು. ಪ್ರಬಂಧ ಮುಗಿದ ಮೇಲೆ ಒಂದು ಪ್ರತಿ ಕೊಡಿ, ಬೇಕಾದರೆ ಆ ಹೊಳೆಯಲ್ಲಿ ಮೂರು ವರ್ಷ ಬಳಚು ತೆಗೆಯದ ಹಾಗೆ ನಿಲ್ಲಿಸಲು ಸರ್ಕಾರಕ್ಕೆ ಬರೆಯೋಣ ಎಂದು ಆ ಅಧಿಕಾರಿ ಹೇಳಿದರಂತೆ. ಮೂರು ವರ್ಷ ಎಂದು ಕೇಳಿದಾಗ ನನ್ನ ಖುಷಿ ಜರ್ರನೆ ಇಳಿಯಿತು. ಮನೆಯಲ್ಲಿ ಹೇಳಲಿಲ್ಲ. ಮರಿಗಳು ಹುಟ್ಟಿಯೂ ಯಾರೋ ಕದಿಯುತ್ತಿದ್ದರೆ? ಕಳ್ಳನನ್ನು ಹಿಡಿದರೆ ಹೊಳೆಯೂ ಉಳಿಯುತ್ತದೆ, ಆಯಿಯ ಕೆಲಸವೂ ಉಳಿಯುತ್ತದೆ, ಪ್ರಬಂಧಕ್ಕೆ ಒಂದು ಅಧ್ಯಾಯವೂ ಸಿಗುತ್ತದೆ ಎಂದು ಹುಡುಕಲು ಹೊರಟೆ.

ಮೊದಲು ಹೊಳೆಯ ಬದಿಗೆ ಸೀಗಡಿ ಸಾಕುವ ಕೆರೆಯವರ ಮೇಲೆ ಅನುಮಾನ ಬಂತು. ಅವರು ಹೊಳೆಗೆ ಬಿಡುವ ನೀರನ್ನು ಬಾಟಲಿಯಲ್ಲಿ ತುಂಬಿ ಲ್ಯಾಬಿಗೆ ಒಯ್ದು ನೋಡಿದೆ, ದೋಷ ಕಾಣಲಿಲ್ಲ. ಆಮೇಲೆ ಮರಳು ತೆಗೆಯುವ ದೋಣಿಯವರನ್ನು ಅನುಮಾನಿಸಿದೆ. ಅವರು ಇರುವುದು ಹೊಳೆಯ ಮೇಲ್ಗಡೆ, ಬಳಚು ಇರುವುದು ಕೆಳಗೆ. ಕೊನೆಗೆ ನನ್ನ ಕಣ್ಣು ಪಕ್ಕದ ಮನೆಯ ದೊಡ್ಡಮ್ಮನ ಮೇಲೆ ನೆಟ್ಟಿತು. ನಾನು ಫೇಲಾಗಿದ್ದೇನೆಂದು ಸುದ್ದಿ ಹಬ್ಬಿಸಿದವಳು ಮರಿ ಕದಿಯುವವಳೂ ಆಗಿರಬಹುದು ಎನ್ನುವುದು ನನ್ನ ತರ್ಕ. ಅವಳು ಬೇರೆಯವರಿಗಿಂತ ಮೊದಲೇ ಹೊಳೆಗೆ ಹೋಗುತ್ತಿದ್ದಳು. ಮರಿ ಬಾಚಿ ಸೀಗಡಿ ಕೆರೆಯವರಿಗೆ ಮೇವಿಗೆ ಕೊಡುತ್ತಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಒಂದು ಭಾನುವಾರ ಅವಳು ಹೊಳೆಯಿಂದ ಬಂದು ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಕಾಲು ತೊಳೆಯಲು ಹೋದಾಗ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ತಳದವರೆಗೆ ಕೈ ಹಾಕಿ ನೋಡಿದೆ. ಎಲ್ಲ ದಪ್ಪ ಬಳಚು. ಒಂದೂ ಮರಿ ಇಲ್ಲ. ಅಯ್ಯೋ, ಇವಳಿಗೂ ಸಿಗುತ್ತಿಲ್ಲ, ಹಾಗಾದರೆ ಹೊಳೆ ನಿಜವಾಗಿಯೂ ಬಂಜೆಯಾಗಿದೆ ಎಂದು ನಾನು ನಿಟ್ಟುಸಿರು ಬಿಡುತ್ತಿರುವಾಗಲೇ ದೊಡ್ಡಮ್ಮ ಹಿಂದೆ ಬಂದು ನಿಂತಿದ್ದಳು. ಎಂತ ಹುಡುಕ್ತೆ ಎಂದು ಕೇಳಿದಳು. ಬಟ್ಟೆ ಮುಚ್ಚಿ ಓಡಿದೆ. ಅಂದಿನಿಂದ ಅವಳು ನನ್ನನ್ನು ಕಂಡರೆ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸುತ್ತಿದ್ದಳು.

ಫೆಬ್ರವರಿಯ ಅಮಾವಾಸ್ಯೆಗೆ ನಾನು ಬೇರೆ ಉಪಾಯ ಮಾಡಿದೆ. ಕುಮಟಾದಲ್ಲೇ ಮನೆಯಿರುವ ಗೆಳತಿಯೊಬ್ಬಳಿಗೆ ಅಘನಾಶಿನಿಯ ಚೌಕಟ್ಟನ್ನು ಒಪ್ಪಿಸಿ, ಆಯಿಗೆ ಕಾಲೇಜಿಗೆ ಹೋಗುತ್ತೇನೆಂದು ಹೇಳಿ, ಮಧ್ಯಾಹ್ನವೇ ವಾಪಸು ಬಂದು ಹೊಳೆಯ ಬದಿಯಲ್ಲಿ ಉಪ್ಪುನೀರಿಗೆ ಬೇರು ಚಾಚಿದ ಕಾಂಡ್ಲಾ ಗಿಡಗಳ ಹಿಂದೆ ಕೂತೆ. ನೀರು ಇಳಿಯುವ ಹೊತ್ತಿನಲ್ಲಿ ಯಾರು ಬರುತ್ತಾರೆ, ಯಾರು ಮರಿ ಒಯ್ಯುತ್ತಾರೆ ಎಂದು ನೋಡಿಯೇ ಬಿಡುವುದು. ಕಾಂಡ್ಲಾದ ಬೇರಿನ ಮೇಲೆ ಕೂತು ನೋಡಿದವರಿಗೇ ಗೊತ್ತು ಆ ಸುಖ. ಸೊಳ್ಳೆ ಕಚ್ಚಿ ಕಚ್ಚಿ ಮುಖ ಊದಿಕೊಂಡಿತು. ಏಡಿಯೊಂದು ಚಪ್ಪಲಿಯೊಳಗೆ ಹೊಕ್ಕಿತು. ಯಾರೂ ಬರಲಿಲ್ಲ.

ನೀರು ಪೂರ್ತಿ ಇಳಿದ ಮೇಲೆ ಬಂದವರು ಐದಾರು ಹೆಂಗಸರು, ಅವರಲ್ಲಿ ಆಯಿ. ಕೈಯಲ್ಲಿ ಅಪ್ಪ ಮಾಡಿದ ಚೌಕಟ್ಟು. ಅದನ್ನು ಬಹಳ ಮರ್ಯಾದೆಯಿಂದ ಕೆಸರಿನ ಮೇಲೆ ಇಟ್ಟಳು, ಸೊಟ್ಟಗಾಯಿತೆಂದು ಮತ್ತೊಮ್ಮೆ ಸರಿ ಮಾಡಿದಳು. ಬಗ್ಗಿ ಎರಡೂ ಕೈ ಒಳಗೆ ಹಾಕಿದಳು. ದೊಡ್ಡಮ್ಮನ ಜೊತೆ ಮಾತಾಡುತ್ತಲೇ ಇದ್ದಳು, ಕಣ್ಣು ಕೂಡ ಕೆಳಗಿರಲಿಲ್ಲ. ಬಲಗೈ ಮೇಲೆ ಬಂದು ಎರಡು ಬಳಚು ಚೀಲಕ್ಕೆ ಹಾಕಿತು. ಎಡಗೈ ಮೇಲೆ ಬಂದು ಏನನ್ನೋ ಹಿಂದಕ್ಕೆ ಎಸೆಯಿತು. ಮತ್ತೆ ಬಲಗೈ, ಮತ್ತೆ ಎಡಗೈ. ನೀರಿನಲ್ಲಿ ಸಣ್ಣ ಸಣ್ಣ ತುಳುಕುಗಳು ಕೇಳುತ್ತಿದ್ದವು. ಅವಳು ಎಸೆಯುತ್ತಿದ್ದದ್ದು ಮರಿಗಳನ್ನು.

ಸುತ್ತಲಿನ ಎಲ್ಲ ಹೆಂಗಸರೂ ಹಾಗೆಯೇ ಮಾಡುತ್ತಿದ್ದರು. ಯಾರೂ ಅದನ್ನು ಒಂದು ಕೆಲಸವೆಂದು ಮಾಡುತ್ತಿರಲಿಲ್ಲ, ಮಾತಿನ ನಡುವೆ ಕೈ ತಾನಾಗಿ ಮಾಡುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಗೊತ್ತಿಲ್ಲದೆ ಇದ್ದದ್ದು ಸಂಶೋಧನೆ ಮಾಡುವ ನನಗೊಬ್ಬಳಿಗೆ. ಸೀಗಡಿಯವರನ್ನು, ಮರಳಿನವರನ್ನು, ಪಾಪದ ದೊಡ್ಡಮ್ಮನನ್ನು ಅನುಮಾನಿಸಿದ್ದೆ. ಆಯಿಯ ಕೈಯನ್ನು ಮಾತ್ರ ಅನುಮಾನಿಸಬೇಕೆಂದು ಹೊಳೆದಿರಲಿಲ್ಲ.

ಮನೆಗೆ ಬಂದು ಕೇಳಿದೆ. ಸಿಟ್ಟು ತಡೆಯಲಿಲ್ಲ, ದನಿ ಏರಿತ್ತು. ಐದು ತಿಂಗಳ ಕೆಲಸ ನೀರಿನಲ್ಲಿ ಹೋಯಿತು ಎಂದೆ. ಆಯಿಗೆ ನನ್ನ ಸಿಟ್ಟಿನ ತಲೆಬುಡ ತಿಳಿಯಲಿಲ್ಲ. ಸಿಕ್ಕದ್ದನ್ನೆಲ್ಲ ಹಾಕು ಎಂದಿದ್ದೆಯಲ್ಲ, ಹಾಕಿದ್ದೇನೆ ಎಂದಳು. ಮರಿ ಎಂಬುದು ಸಿಕ್ಕದ್ದರ ಲೆಕ್ಕಕ್ಕೇ ಬರುವುದಿಲ್ಲ, ಅದು ಹೊಳೆಯದು.

"ಮರಿ ಮನಿಗೆ ತಂದ್ರೆ ಮುಂದಿನ ವರ್ಷ ಎಂತ ತೆಗೂದು? ಅದ್ರಲ್ಲೂ ಕಾಲೇಜಿಗೆ ಹೋಗೂ ಸಾಮಾನು. ಚೂರುಪಾರು ಹಾಕಿ ಕಳ್ಸಿದ್ರೆ ನಿನ್ನ ಮೇಡಂ ಎಂತ ಹೇಳ್ತಾರೆ?"

ಅಂದರೆ ಕಾಲೇಜಿನ ಚೀಲಕ್ಕೆ ಅವಳು ಇನ್ನೂ ಹೆಚ್ಚು ಆರಿಸಿದ್ದಳು, ತೊಳೆದೂ ಇದ್ದಳು. ಅವಳ ಮುಖ ನೋಡಿ ನನ್ನ ಸಿಟ್ಟು ಇಳಿಯಿತು. ಆಗಲೇ ಇನ್ನೊಂದು ತಲೆಗೆ ಬಂತು. ಮರಿ ಬಿಡುವ ಈ ಕೈಗಳಿಂದಲೇ ನಮ್ಮ ಹೊಳೆಯಲ್ಲಿ ಬಳಚು ಉಳಿದಿರಬೇಕು. ಆ ಕೈಗಳು ಕೊಟ್ಟ ಚೀಲ ನೋಡಿಯೇ ಹೊಳೆ ಸಾಯುತ್ತಿದೆ ಎಂದು ನಾನು ಬರೆದಿದ್ದೆ, ಅದನ್ನು ನಂಬಿ ಆ ಕೈಗಳನ್ನೇ ಮೂರು ವರ್ಷ ಕಟ್ಟಿಹಾಕಲು ಹೊರಟಿದ್ದರು.

ಮರುದಿನ ಮೊದಲ ಬಸ್ಸಿಗೆ ಕುಮಟಾಕ್ಕೆ ಹೋಗಿ ಮೇಡಮಿಗೆ ಎಲ್ಲ ಹೇಳಿದೆ. ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನು ನೋಡಿದ ರೀತಿಯಲ್ಲೇ ತಿಳಿಯಿತು, ನಂಬಿಲ್ಲ. ನಿಷೇಧದ ಸುದ್ದಿ ಬಂದ ಮೇಲೆ ಈ ಕತೆ ಹುಟ್ಟಿದೆ ಎಂದರು. ನಿಮ್ಮ ತಾಯಿಯ ಕೆಲಸ ಹೋಗುತ್ತದೆಂದು ನಿನಗೆ ಸಂಕಟವಾಗಿದೆ, ಅದು ಸಹಜ, ಆದರೆ ಅದಕ್ಕಾಗಿ ದತ್ತಾಂಶ ತಿರುಚಬಾರದು ಎಂದರು. ನಾನು ಕಂಡದ್ದನ್ನು ಮತ್ತೆ ಹೇಳಿದೆ. ಆಗ ಅವರು ಕೇಳಿದರು.

"ಐದು ಚೀಲದಲ್ಲಿ ಒಂದೇ ಒಂದು ಮರಿ ಇಲ್ಲ. ಕೆಸರು ನೀರಿನಲ್ಲಿ, ನೋಡದೆ, ಬರಿಗೈಯಲ್ಲಿ ಯಾರಾದರೂ ಅಷ್ಟು ಸರಿಯಾಗಿ ಆರಿಸುವುದು ಸಾಧ್ಯವಾ?"

ನನ್ನ ಸ್ಥಿತಿ ನೋಡಿ. ಸುಳ್ಳನ್ನು ನಿಜವೆಂದು ಕೊಟ್ಟಾಗ ಅವರು ನಂಬಿದ್ದರು. ನಿಜ ಹೇಳಿದಾಗ ಅದು ನನಗೆ ಅನುಕೂಲವಾಗಿದೆ ಎಂಬ ಒಂದೇ ಕಾರಣಕ್ಕೆ ಅದು ಸುಳ್ಳಾಯಿತು. ಇದಕ್ಕೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗಿರಲಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಯೋಚಿಸುತ್ತಿದ್ದೆ. ಕೊನೆಗೆ ಅವರೇ ದಾರಿ ಹೇಳಿದರು. ಮುಂದಿನ ಅಮಾವಾಸ್ಯೆಗೆ ನಾನೇ ಬರುತ್ತೇನೆ, ಕಣ್ಣಾರೆ ನೋಡುತ್ತೇನೆ. ಒಂದು ಷರತ್ತು, ಯಾಕೆ ಬರುತ್ತಿದ್ದೇನೆ ಎಂದು ನಿಮ್ಮ ತಾಯಿಗೆ ಹೇಳಬಾರದು. ಹೇಳಿದರೆ ಅದು ನಾಟಕವಾಗುತ್ತದೆ. ಆಯಿ ಹೇಗೆ ತೆಗೆಯುತ್ತಿದ್ದಳೋ ಹಾಗೆಯೇ ತೆಗೆಯಲು ಬಿಡಬೇಕು. ಒಪ್ಪಿಕೊಂಡೆ. ಒಪ್ಪದಿದ್ದರೆ ನನ್ನ ಡಿಗ್ರಿಯೂ ಹೋಗುತ್ತಿತ್ತು, ಹೊಳೆಯೂ.

ಆ ಒಂದು ತಿಂಗಳು ನಾನು ಮನೆಯಲ್ಲಿ ಕಳ್ಳಿಯ ಹಾಗೆ ಇದ್ದೆ. ಕೂಗಾಡಿದ್ದಕ್ಕೆ ತಪ್ಪಾಯಿತು ಎಂದೆ, ಚೀಲದ ವಿಷಯ ಮರೆತುಬಿಡು, ಮೊದಲಿನ ಹಾಗೆಯೇ ಇರಲಿ ಎಂದೆ. ಆಯಿ ನನ್ನ ಮುಖ ನೋಡಿ, ಮೇಡಂ ಬೈದ್ರಾ ಎಂದು ಕೇಳಿದಳು. ಇಲ್ಲ, ಅವರು ನಮ್ಮ ಹೊಳೆ ನೋಡಲು ಬರುತ್ತಾರೆ ಎಂದೆ. ಆಯಿಗೆ ಖುಷಿಯೋ ಖುಷಿ. ಕೇರಿಗೆಲ್ಲ ಹೇಳಿಕೊಂಡು ಬಂದಳು. ಫೇಲಾದವಳ ಮನೆಗೆ ಮೇಡಂ ಬರುತ್ತಾರಾ ಎಂದು ದೊಡ್ಡಮ್ಮನನ್ನು ಕೇಳಿಯೂ ಬಂದಳಂತೆ. ಅವಳು ಹಿಗ್ಗಿದಷ್ಟೂ ನಾನು ಅವಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ.

ಮೇಡಂ ಬಂದ ದಿನ ಆಯಿ ಹೊಳೆಗೆ ಹೊಸ ಸೀರೆ ಉಟ್ಟು ಬಂದಳು. ಕೆಸರಿಗೆ ಯಾರಾದರೂ ಹೊಸ ಸೀರೆ ಉಡುತ್ತಾರಾ ಎಂದು ದೊಡ್ಡಮ್ಮ ನಕ್ಕಳು. ಮೇಡಂ ಚಪ್ಪಲಿ ದಂಡೆಯಲ್ಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದರು. ಆ ಮಟ್ಟಿಗೆ ಅವರು ಹಿಂಜರಿಯುವ ಪೈಕಿ ಅಲ್ಲ. ಆಯಿ ಚೌಕಟ್ಟು ಇಟ್ಟಳು. ಮೇಡಂ ಅವಳ ಪಕ್ಕದಲ್ಲಿ ನಿಂತು ಊರು, ಮನೆ, ಮಕ್ಕಳು ಎಂದು ಮಾತು ತೆಗೆದರು. ಆಯಿ ಉತ್ತರ ಕೊಡುತ್ತ ಕೈಯಾಡಿಸುತ್ತ ಹೋದಳು. ದೊಡ್ಡದು ಚೀಲಕ್ಕೆ, ಮರಿ ಹಿಂದಕ್ಕೆ. ಮೇಡಂ ಎದುರಿಗಿದ್ದಾರೆಂದು ನಡುಗಾತ್ರದವನ್ನೂ ಎಸೆಯುತ್ತಿದ್ದಳು, ಅತಿಥಿಗೆ ಒಳ್ಳೆಯದನ್ನೇ ಆರಿಸಿ ಬಡಿಸುವಂತೆ. ನಾನು ಬೇರೆ ಕಡೆ ನೋಡುತ್ತ ನಿಂತೆ.

ಚೀಲ ತುಂಬಿದ ಮೇಲೆ ಮೇಡಂ ಅದನ್ನು ದಂಡೆಗೆ ತಂದು ಸುರಿದು ನೋಡಿದರು. ಮರಿ ಒಂದೂ ಇರಲಿಲ್ಲ. ಅದೇ ಚೌಕಟ್ಟನ್ನು ಆ ಜಾಗದ ಪಕ್ಕಕ್ಕೆ ಸರಿಸಿ ಇಟ್ಟು, ಅವರೇ ಬಗ್ಗಿ ಅಗೆದರು. ಮೇಲೆ ಬಂದ ಕೈಯಲ್ಲಿ ಕೆಸರಿನ ಜೊತೆ ಮರಿಗಳು ತುಂಬಿಕೊಂಡಿದ್ದವು, ಅಘನಾಶಿನಿಯಲ್ಲೂ ನಾನು ಅಷ್ಟು ಕಂಡಿರಲಿಲ್ಲ. ಅವರು ಅಂಗೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಆಯಿಯ ಕೈ ನೋಡಿದರು. ಪುಸ್ತಕ ತೆಗೆದು ಬರೆದುಕೊಂಡರು. ಹೊರಡುವಾಗ ನನಗೆ ಒಂದೇ ಮಾತು ಹೇಳಿದರು: ಇದ್ದದ್ದನ್ನು ಇದ್ದ ಹಾಗೆ ಬರಿ. ಗೋಷ್ಠಿಗೆ ಕಳಿಸಿದ್ದನ್ನು ವಾಪಸು ತೆಗೆದುಕೊಂಡರು, ಅಧಿಕಾರಿಗೂ ತಾವೇ ಫೋನ್ ಮಾಡಿ ನಿಷೇಧದ ಮಾತು ನಿಲ್ಲಿಸಿದರು. ಉಳಿದ ಎರಡು ತಿಂಗಳು ಅಘನಾಶಿನಿಯದನ್ನು ಗೆಳತಿಗೇ ಬಿಟ್ಟು, ಕರ್ಕಿಯ ಮಾದರಿಯನ್ನು ಹೆಂಗಸರು ಮರಿ ಎಸೆಯದ ಬೇರೆ ಜಾಗದಿಂದ ಅವರ ಎದುರು ನಾನೇ ತೆಗೆದೆ.

ಜೂನಿನಲ್ಲಿ ಪ್ರಬಂಧ ಮುಗಿಯಿತು. ಇಂಗ್ಲಿಷಿನಲ್ಲಿ, ನೀಲಿ ರಟ್ಟಿನ ನಾಲ್ಕು ಪ್ರತಿ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಕರ್ಕಿಯ ಅಧ್ಯಾಯವನ್ನೇ ಹಿಡಿದು ಒಂದು ಗಂಟೆ ಕೇಳಿದರು, ಕೊನೆಗೆ ಕೈ ಕುಲುಕಿದರು. ಒಳ್ಳೆಯ ದರ್ಜೆಯಲ್ಲಿ ಪಾಸಾದೆ. ನನ್ನ ಪ್ರತಿಯನ್ನು ಮನೆಗೆ ತಂದು ಆಯಿಯ ಕೈಯಲ್ಲಿ ಕೊಟ್ಟೆ. ಅವಳು ಕೈ ಒರೆಸಿಕೊಂಡು ಹಿಡಿದಳು. ತನ್ನ ಬಗ್ಗೆ ಎಲ್ಲಿ ಬರೆದಿದೆ ಎಂದು ಕೇಳಿದಳು. ಮೊದಲ ಪುಟದ ಕೃತಜ್ಞತೆಯನ್ನು ಕನ್ನಡದಲ್ಲಿ ಹೇಳಿದೆ. ಅದು ಸಾಲಲಿಲ್ಲ. ಆ ದಿನ ಮೇಡಂ ಹೊಳೆಯಲ್ಲಿ ಅಷ್ಟು ಬರೆದುಕೊಂಡರಲ್ಲ, ಅದು ಎಲ್ಲಿದೆ ಎಂದಳು.

ತಪ್ಪಿಸಿಕೊಳ್ಳಬಹುದಿತ್ತು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ನಾನು ಏನು ಹೇಳಿದ್ದರೂ ನಡೆಯುತ್ತಿತ್ತು. ಆದರೆ ಪಾಸಾದ ಸೊಕ್ಕು ತಲೆಗೇರಿತ್ತು, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ನಾನು ಎಂಬ ಜಂಬ. ಪುಟ ತೆಗೆದು ಕನ್ನಡ ಮಾಡಿ ಓದಿದೆ. ಕರ್ಕಿಯ ಮಾದರಿಗಳನ್ನು ನಂಬುವಂತಿಲ್ಲ. ತೆಗೆದವರು ಮರಿಗಳನ್ನು ಬಿಟ್ಟದ್ದರಿಂದ ಅವು ದೋಷಪೂರಿತವಾಗಿವೆ. ಇದನ್ನು ಅವರಿಗೆ ತಿಳಿಸದೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಲಾಯಿತು.

ಆಯಿ ಆ ಪುಟದ ಮೇಲೆ ಬೆರಳಿಟ್ಟು ನೋಡಿದಳು.

"ಹಾಂಗಾರೆ ಮೇಡಂ ಬಂದದ್ದು ಹೊಳೆ ನೋಡೂಕಲ್ಲ. ನನ್ನ ಕೈ ನೋಡೂಕೆ."

ಹೌದು ಎಂದೆ. ನಿಂಗೆ ಮೊದ್ಲೇ ಗೊತ್ತಿತ್ತಾ ಎಂದು ಕೇಳಿದಳು. ಗೊತ್ತಿತ್ತು ಎಂದೆ. ಅದರ ಮುಂದಿನ ಪುಟದಲ್ಲೇ ಬೇರೆ ಮಾತೂ ಇತ್ತು: ಈ ಹೆಂಗಸರು ಮರಿ ಬಿಡುವುದರಿಂದಲೇ ಈ ಹೊಳೆಯಲ್ಲಿ ಬಳಚು ಇಷ್ಟು ಸಮೃದ್ಧವಾಗಿ ಉಳಿದಿರಬಹುದು, ಬೇರೆ ಕಡೆಯವರು ಇವರಿಂದ ಕಲಿಯಬೇಕು. ಅದನ್ನು ಮೊದಲು ಓದಬೇಕಿತ್ತು. ಅವಸರದಲ್ಲಿ ಆಮೇಲೆ ಓದಿದೆ. ಆಯಿ ಕೇಳಿಸಿಕೊಂಡಳು, ಪುಸ್ತಕವನ್ನೂ ನನ್ನ ಮುಖವನ್ನೂ ಒಂದೊಂದು ಸಲ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆಯಿ ನನ್ನನ್ನು ಅನುಮಾನದಿಂದ ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಅದು ನಿಜವಾಗಿ ಬರೆದದ್ದೋ, ಅವಳ ಸಮಾಧಾನಕ್ಕೆ ನಾನು ಈಗ ಕಟ್ಟಿ ಹೇಳಿದ್ದೋ ಎಂದು ತಿಳಿಯಲು ಅವಳಿಗೆ ದಾರಿಯಿರಲಿಲ್ಲ. ಆತು, ಪಾಸಾತಲ್ಲ ಎಂದು ಪುಸ್ತಕವನ್ನು ಕಪಾಟಿನಲ್ಲಿಟ್ಟು ಒಳಗೆ ಹೋದಳು.

ಮಳೆಗಾಲ ಮುಗಿದು ಹೊಳೆ ಮತ್ತೆ ಉಪ್ಪಾಯಿತು. ಬಳಚು ತೆಗೆಯುವ ಮೊದಲ ದಿನ ನಾನೂ ಬರುತ್ತೇನೆ ಎಂದೆ. ಆಯಿ ಬೇಡವೆನ್ನಲಿಲ್ಲ. ಚೀಲವಿಲ್ಲ, ಚೌಕಟ್ಟಿಲ್ಲ, ಸುಮ್ಮನೆ ಅವಳ ಪಕ್ಕದಲ್ಲಿ ನಿಂತು ಕಲಿಯಬೇಕೆಂದು ಹೋಗಿದ್ದೆ. ಉಳಿದ ಹೆಂಗಸರ ಕೈಗಳು ಮಾತಿನ ಜೊತೆ ಆಡುತ್ತಿದ್ದವು. ಆಯಿ ಬಗ್ಗಿ ಕೈ ಹಾಕಿದಳು, ಎತ್ತಿದಳು, ಎಸೆಯಲಿಲ್ಲ. ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು. ಕಡಲೆಕಾಳಿನಷ್ಟು ಒಂದು ಮರಿ.

"ಇದು ಬಿಡೂದಾ, ಇಟ್ಕಂಬೂದಾ?"

ಚುಚ್ಚಿ ಕೇಳಿದಳೋ, ನಿಜವಾಗಿ ಕೇಳಿದಳೋ ಎಂದು ಅವಳ ಮುಖದಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ಬಿಡು ಆಯಿ ಎಂದೆ. ಬಿಟ್ಟಳು. ಮತ್ತೆ ಬಗ್ಗಿದಳು, ಮತ್ತೊಂದು ಮರಿ ಸಿಕ್ಕಿತು, ಮತ್ತೆ ಕೈ ಬಿಚ್ಚಿ ನನ್ನ ಕಡೆ ಹಿಡಿದು ಕಾದಳು.